ಓದುಗರ ಸ್ಪಂದನ: ಮನೆ ಬಿಡುವವರ ಜೊತೆ ನಿಲ್ಲುವ ಕೆಲಸ

ಶಿವಮೊಗ್ಗದ ಸಹೋದರಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಗೊಂದಲವನ್ನು ಬರೆದುಕೊಂಡಿದ್ದರು. ಗೃಹಸಾಲ ವಿಭಾಗದ ನೌಕರಿ ಬಿಟ್ಟು ಮನೆ-ನಿವೇಶನ ವ್ಯವಹಾರಕ್ಕೆ ಇಳಿಯಬೇಕೆಂದಿರುವ ಅವರಿಗೆ, ಸಾವು, ಪಾಲು, ವಿಚ್ಛೇದನ, ಮುಪ್ಪು ಇಂಥ ಕಾರಣಗಳಿಂದ ಮನೆ ಮಾರಬೇಕಾಗಿ ಬಂದವರಿಗೆ ನೆರವಾಗುವುದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆ. ‘ಬೇರೆಯವರ ಕಣ್ಣೀರಿನ ಮೇಲೆ ಕಮಿಷನ್ ತಿನ್ನುತ್ತೀಯಾ’ ಎಂದು ಮನೆಯವರೇ ಕೇಳಿದ ಮಾತು ಅವರನ್ನು ಕಾಡುತ್ತಿದೆ. ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.

ಸಹೋದರಿ,

ನಿಮ್ಮ ಮನೆಯವರ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅಧಿಕಾರವಿದೆ ಎಂದುಕೊಂಡಿದ್ದೇನೆ, ಏಕೆಂದರೆ ಆ ಕಣ್ಣೀರು ನನ್ನದೇ ಆಗಿತ್ತು. ನಮ್ಮ ಯಜಮಾನರು ತೀರಿಕೊಂಡು ತಿಂಗಳೂ ತುಂಬಿರಲಿಲ್ಲ. ದಲ್ಲಾಳಿಯೊಬ್ಬರು ಬಂದು, ಅವರ ಫೋಟೊಗೆ ಹಾಕಿದ್ದ ಹಾರವನ್ನು ಟೇಪು ಹಿಡಿದ ಕೈಯಿಂದಲೇ ಪಕ್ಕಕ್ಕೆ ಸರಿಸಿ, ಹಜಾರದ ಗೋಡೆಯ ಅಳತೆ ತೆಗೆದುಕೊಂಡರು. ‘ಈಗ ಬಿಟ್ಟರೆ ಈ ರೇಟು ಸಿಗುವುದಿಲ್ಲಮ್ಮ’ ಎಂದರು. ಆಸ್ಪತ್ರೆಯ ಬಾಕಿ ಇತ್ತು, ಮಕ್ಕಳ ಫೀಸು ಇತ್ತು; ಮುಂಗಡ ತೆಗೆದುಕೊಂಡು ಕರಾರಿಗೆ ಸಹಿ ಹಾಕಿಬಿಟ್ಟೆ.

ಕಾನೂನು ಗೊತ್ತಾಗಿದ್ದು ಆಮೇಲೆ. ಯಜಮಾನರ ಸ್ವಯಾರ್ಜಿತ ಮನೆ, ಉಯಿಲು ಇರಲಿಲ್ಲ. ಹಾಗಾದಾಗ ಹೆಂಡತಿ, ಮಕ್ಕಳ ಜೊತೆಗೆ ತಾಯಿಗೂ ಸಮಪಾಲು ಇರುತ್ತದೆ ಎಂಬುದು ನನಗೂ ತಿಳಿದಿರಲಿಲ್ಲ, ನಮ್ಮ ಅತ್ತೆಯವರಿಗೂ ತಿಳಿದಿರಲಿಲ್ಲ. ಮಕ್ಕಳಿಬ್ಬರೂ ಅಪ್ರಾಪ್ತರು, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ ಅವರ ಪಾಲನ್ನು ಮಾರಲು ಹೆತ್ತ ತಾಯಿಯಾದರೂ ನ್ಯಾಯಾಲಯದ ಅನುಮತಿ ಪಡೆಯಲೇಬೇಕು. ಕೊಳ್ಳುವವರ ವಕೀಲರು ಕಾಗದ ನೋಡಿ ವ್ಯವಹಾರ ನಿಲ್ಲಿಸಿದರು, ಮುಂಗಡ ಹಿಂದಿರುಗಿಸಲು ನಾನು ಬಳೆ ಮಾರಿದೆ.

ಎರಡನೆಯ ಸಲ ಬಂದದ್ದು ಒಬ್ಬ ಮಹಿಳೆ. ಮೊದಲ ಎರಡು ಭೇಟಿಯಲ್ಲಿ ಅವರು ಬೆಲೆಯ ಮಾತನ್ನೇ ಎತ್ತಲಿಲ್ಲ. ಅತ್ತೆಯವರ ಪಕ್ಕ ಕುಳಿತು, ‘ಇಲ್ಲಿಂದ ಹೋದರೆ ನಿಮ್ಮ ಮಾತ್ರೆ, ಡಾಕ್ಟರು, ದೇವಸ್ಥಾನ ಎಲ್ಲ ಎಷ್ಟು ದೂರವಾಗುತ್ತದೆ’ ಎಂದು ಕೇಳಿದರು. ನ್ಯಾಯಾಲಯದ ಅನುಮತಿಗೆ ವರ್ಷದ ಮೇಲಾಯಿತು. ಅಷ್ಟೂ ಕಾಲ ಕಾದರು. ನೋಂದಣಿಯಾದ ದಿನ ಅವರ ಕಮಿಷನ್ನನ್ನು ನಾನು ಒಂದು ರೂಪಾಯಿಯೂ ಚೌಕಾಸಿ ಮಾಡದೆ ಕೊಟ್ಟೆ. ಅದು ನನ್ನ ಕಣ್ಣೀರಿನ ದುಡ್ಡು ಎಂದು ನನಗೆ ಅನ್ನಿಸಲಿಲ್ಲ.

– ಓದುಗರು, ವಿನೋಬನಗರ, ಶಿವಮೊಗ್ಗ

ಮಾನ್ಯರೇ,

ಹದಿನೆಂಟು ವರ್ಷಗಳಿಂದ ಸಾಗರ, ಹೊಸನಗರದ ಕಡೆ ಇದೇ ವ್ಯವಹಾರದಲ್ಲಿದ್ದೇನೆ. ಮಲೆನಾಡಿನಲ್ಲಿ ಸುಖವಾಗಿದ್ದು ತೋಟ-ಮನೆ ಮಾರಿದವರನ್ನು ನಾನು ಕಂಡಿದ್ದು ಕಡಿಮೆ. ಮಕ್ಕಳು ಬೆಂಗಳೂರು ಸೇರಿ, ಅಡಕೆ ಕೊನೆ ಇಳಿಸುವ ಕೊನೆಗೌಡರನ್ನು ಹುಡುಕಿ ಕೊಯ್ಲು ಮಾಡಿಸುವ ತ್ರಾಣ ಅಪ್ಪ-ಅಮ್ಮನಿಗೆ ಉಳಿಯದಿದ್ದಾಗ, ಅಣ್ಣ-ತಮ್ಮಂದಿರು ಹಿಸ್ಸೆಯಾದಾಗ, ಮಗಳು ಗಂಡನ ಮನೆ ಬಿಟ್ಟು ಬಂದಾಗ ಮಾರಾಟದ ಮಾತು ಹುಟ್ಟುತ್ತದೆ. ಹೀಗಿರುವಾಗ ನಿಮ್ಮ ಆಯ್ಕೆ ಸರಿಯಾಗಿದೆ. ಅದನ್ನು ನಡೆಸುವ ಕ್ರಮದ ಬಗ್ಗೆ ಮಾತ್ರ ನಾನು ಬರೆಯುತ್ತೇನೆ.

‘ಅಕ್ಕ-ತಂಗಿಯರದ್ದು ಮದುವೆಯಲ್ಲೇ ಮುಗಿದಿದೆ’ ಎಂಬ ಮಾತನ್ನು ನೀವು ಮನೆಮನೆಯಲ್ಲೂ ಕೇಳುತ್ತೀರಿ. ಮುಗಿದಿರುವುದಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ಮತ್ತು ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಬೆಲೆ ಕಟ್ಟುವ ಮೊದಲು ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬ ಹೆಣ್ಣುಮಗಳ ಜೊತೆ ನೀವೇ ಮಾತನಾಡಿ. ಹೊಸನಗರದ ಕಡೆಯ ಒಂದು ಮನೆಯ ವ್ಯವಹಾರದಲ್ಲಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಶಿರಸಿಯಿಂದ ಬಂದಿದ್ದ ಅಕ್ಕ ಪೆನ್ನು ಹಿಡಿದವರು ಹಾಗೇ ಕೆಳಗಿಟ್ಟು, ‘ಅಪ್ಪನ ತಿಥಿ ಇನ್ನು ಎಲ್ಲಿ ಮಾಡುತ್ತೀರಿ?’ ಎಂದು ಕೇಳಿದರು. ಮೂವರು ತಮ್ಮಂದಿರಲ್ಲಿ ಒಬ್ಬರೂ ಅದನ್ನು ಯೋಚಿಸಿರಲಿಲ್ಲ. ಆಕೆಗೆ ದುಡ್ಡಿನ ತಕರಾರೇ ಇರಲಿಲ್ಲ. ಅದು ತೀರ್ಮಾನವಾಗಲು ಎರಡು ತಿಂಗಳು ಹಿಡಿಯಿತು, ಕೊಳ್ಳುವವರು ನನ್ನ ಮೇಲೆ ಸಿಟ್ಟಾದರು; ಆದರೂ ಆ ಎರಡು ತಿಂಗಳು ಆ ಕುಟುಂಬಕ್ಕೆ ಸಿಗಬೇಕಾದದ್ದೇ ಆಗಿತ್ತು ಎಂದು ಇವತ್ತಿಗೂ ನಂಬಿದ್ದೇನೆ.

ವಯಸ್ಸಾದವರ ವಿಷಯದಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ‘ಮಗನ ಮನೆಯಲ್ಲಿ ಒಂದು ಮಳೆಗಾಲ ಇದ್ದು ಬನ್ನಿ, ಆಮೇಲೆ ಮಾರುವ ಮಾತಾಡೋಣ’ ಎನ್ನುತ್ತೇನೆ. ಹಾಗೆಂದು ಮನೆಗೆ ಬೀಗ ಹಾಕಿ ಹೋಗಲು ಬಿಡಬೇಡಿ. ಮಲೆನಾಡಿನ ಹೆಂಚಿನ ಮನೆ ಒಂದು ಮಳೆಗಾಲ ಒಲೆಯ ಹೊಗೆ ಕಾಣದೆ ಕುಳಿತರೆ ಅಟ್ಟಕ್ಕೆ ಬೂಷ್ಟು, ಬಾಗಿಲಿನ ಪಟ್ಟಿಗೆ ಗೆದ್ದಲು ಬಂದೇ ಬರುತ್ತದೆ. ವಾರಕ್ಕೆರಡು ದಿನ ಬೆಂಕಿ ಹಚ್ಚುವ ಒಬ್ಬರನ್ನು ಗೊತ್ತುಮಾಡಿ ಕೊಡುವುದೂ ನಿಮ್ಮ ಕೆಲಸವೇ. ಆಸ್ತಿಯನ್ನು ಮಕ್ಕಳಿಗೇ ದಾನಪತ್ರ ಮಾಡಿಕೊಡುತ್ತೇವೆ ಎನ್ನುವವರಿಗೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಲು ಹೇಳಿ. ಷರತ್ತು ಇದ್ದರೆ, ನಡೆಸಿಕೊಡದವರ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ರದ್ದತಿ ಕೋರಲು ಅವಕಾಶವಿದೆ. ಇದನ್ನು ಹೇಳಿದ್ದರಿಂದ ನನ್ನ ಕೈತಪ್ಪಿದ ವ್ಯವಹಾರಗಳಿವೆ.

ವಿಚ್ಛೇದನದ ಮನೆಗಳಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಬಾಯಿಂದ ಒಯ್ಯಬೇಡಿ, ಇಬ್ಬರಿಗೂ ಒಂದೇ ಬರಹ ಕಳಿಸಿ.

ಇನ್ನು ನಮ್ಮ ನೆಲಕ್ಕೇ ಸೇರಿದ ಎರಡು ಸಂಗತಿಗಳು. ಮಾರುವವರು ‘ಒಂದೂವರೆ ಎಕರೆ ತೋಟ, ಜೊತೆಗೆ ಬೆಟ್ಟ’ ಎನ್ನುತ್ತಾರೆ. ಸೊಪ್ಪಿನಬೆಟ್ಟ ಸರ್ಕಾರದ ಭೂಮಿ, ತೋಟಕ್ಕೆ ಸೊಪ್ಪು-ದರಕು (ಒಣ ಎಲೆ) ತರುವ ಸವಲತ್ತು ಮಾತ್ರ ರೈತನದು, ಅದನ್ನು ಮಾಲೀಕತ್ವದ ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳಿದರೆ ಕೊಂಡವರಿಗೆ ಮೋಸವಾಗುತ್ತದೆ. ಹಾಗೆಯೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮನೆಗಳಿಗೆ ತಾವು ಉಳುತ್ತಿರುವ ನೆಲದ ಹಕ್ಕುಪತ್ರ ಇಂದಿಗೂ ಸರಿಯಾಗಿ ಸಿಕ್ಕಿಲ್ಲ. ಒಮ್ಮೆ ಮುಳುಗಿ ಬಂದವರಿಗೆ, ‘ಈ ಜಾಗ ಮಾರಲು ಬರುವುದಿಲ್ಲ’ ಎಂದು ಹೇಳುವ ದಿನ ನಿಮಗೂ ಬರುತ್ತದೆ. ಆ ಮಾತನ್ನು ಫೋನಿನಲ್ಲಿ ಹೇಳಬೇಡಿ, ಅವರ ಮನೆಗೆ ಹೋಗಿ ಕುಳಿತು ಹೇಳಿ.

ಹೊಟ್ಟೆಪಾಡಿನ ಮಾತನ್ನೂ ಆಡಿಬಿಡುತ್ತೇನೆ. ಇಂಥ ವ್ಯವಹಾರ ನಿಧಾನ. ಅಡಕೆ ದುಡ್ಡು ಕೈಗೆ ಬರುವ ತನಕ ಹಳ್ಳಿ ಕಡೆ ಕೊಳ್ಳುವವರು ಏಳುವುದಿಲ್ಲ, ಆಷಾಢದಲ್ಲಿ ಯಾರೂ ಕಾಗದ ಮಾಡಿಸುವುದಿಲ್ಲ. ಒಂದೂವರೆ ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಇಳಿಯಿರಿ, ಬಾಡಿಗೆ ಮನೆ ಹುಡುಕಿಕೊಡುವ ಕೆಲಸದಿಂದ ತಿಂಗಳು ದೂಡಿ. ನಿಮ್ಮ ಕಮಿಷನ್ ಎಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೊಡಿ, ನೋಂದಣಿಯಾಗುವ ಮೊದಲು ಪಡೆಯಬೇಡಿ. ನೋಂದಣಿಯ ತನಕ ನಿಮಗೆ ದುಡ್ಡು ಬರುವುದಿಲ್ಲ ಎಂದು ತಿಳಿದವರು ಮಾತ್ರ ‘ಈಗ ಮಾರಬೇಡಿ’ ಎಂದು ಹೇಳುವ ನಿಮ್ಮ ಮಾತನ್ನು ನಂಬುತ್ತಾರೆ.

– ಓದುಗರು, ಸಾಗರ

ಸಂಪಾದಕರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ದಸ್ತಾವೇಜು ಬರೆದು ನಿವೃತ್ತನಾದವನು. ಆ ಹೆಣ್ಣುಮಗಳ ಮನಸ್ಸು ದೊಡ್ಡದು, ಆದರೆ ಮರುಕದಿಂದ ಖಾತೆ ಬದಲಾಗುವುದಿಲ್ಲ. ದುಃಖದಲ್ಲಿರುವವರಿಗೆ ಆಕೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅವರ ಪರವಾಗಿ ಕಾಗದವನ್ನು ಸರಿಯಾಗಿ ಓದುವುದು.

ಮೊದಲು ಪಹಣಿ ಓದಲು ಕಲಿಯಲಿ. ಎಲ್ಲರೂ 9ನೇ ಕಾಲಮಿನ ಹೆಸರು ನೋಡಿ ಎದ್ದುಬಿಡುತ್ತಾರೆ. ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬುದು 10ರಲ್ಲಿ, ಸಾಲ-ಋಣ-ಇತರ ಹಕ್ಕುಗಳು 11ರಲ್ಲಿ ಇರುತ್ತವೆ. ತೀರಿಕೊಂಡ ಅಜ್ಜನ ಹೆಸರೇ ಇನ್ನೂ ನಿಂತಿದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವವರೆಗೆ ಗಿರಾಕಿಯನ್ನು ಕರೆದೊಯ್ಯಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಹೊರದೇಶದ ಮಗ ಕಳಿಸಿದ ಅಧಿಕಾರ ಪತ್ರ ತಂದವರಿಗೆ, ಬರೆದುಕೊಟ್ಟವರು ಬದುಕಿದ್ದಾರೆಯೇ ಎಂದು ಮೊದಲು ಕೇಳಲಿ. ಅವರು ತೀರಿದ ದಿನವೇ ಸಾಮಾನ್ಯ ಅಧಿಕಾರ ಪತ್ರದ ಬಲವೂ ಹೋಗುತ್ತದೆ.

ಹೊಸ ಬಡಾವಣೆಯ ನಿವೇಶನಗಳನ್ನೂ ತೋರಿಸುವ ಉದ್ದೇಶವಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಏಜೆಂಟರಾಗಿ ನೋಂದಾಯಿಸಿಕೊಳ್ಳಲೇಬೇಕು, ಕರ್ನಾಟಕದಲ್ಲಿ ಅದರ ಅವಧಿ 5 ವರ್ಷ. ಕರಾರು ಪತ್ರವನ್ನು ಮಾತ್ರ ತಾನೇ ಬರೆಯಲು ಹೋಗದೆ ವಕೀಲರಿಗೆ ಬಿಡಲಿ.

ಕೊನೆಗೆ, ನಾನೇ ಕಂಡ ಒಂದು ಸಂಗತಿಯನ್ನು ಸೇರಿಸುತ್ತೇನೆ. ನನ್ನ ಮೇಜಿನ ಮುಂದೆ ಕುಳಿತು ಹೆಬ್ಬೆಟ್ಟು ಒತ್ತುವ ಮೊದಲು ಎಷ್ಟೋ ಹಿರಿಯರು, ‘ಇನ್ನೊಂದು ಸಲ ಓದಿ ಹೇಳಪ್ಪ’ ಎನ್ನುತ್ತಿದ್ದರು. ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾಯಾದಿಯ ತೋಟ, ಉತ್ತರಕ್ಕೆ ಗಾಡಿದಾರಿ. ಜೊತೆಗೆ ಬಂದ ದಲ್ಲಾಳಿಗಳು ಆಗ ಗಡಿಯಾರ ನೋಡುತ್ತಿದ್ದರು. ನಾನು ದಕ್ಷಿಣಕ್ಕೆ ಬರುವಷ್ಟರಲ್ಲಿ ಆ ಹಿರಿಯರೇ ಹೇಳಿ ಮುಗಿಸುತ್ತಿದ್ದರು.

– ಓದುಗರು, ತೀರ್ಥಹಳ್ಳಿ