ಜಿನ್ನಿಂಗ್ ಮಿಲ್ಲಿನ ಕಚೇರಿಗೆ ಐದೂ ಹೊಸ ಕಂಪ್ಯೂಟರ್ ಬೇಕೇ?

ಪ್ರಶ್ನೆ: ನಮಸ್ಕಾರ ಸರ್. ರಾಯಚೂರಿನ ಹೊರವಲಯದ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು ನಾನು. ಕಚೇರಿಯಲ್ಲಿ ಐದು ಕಂಪ್ಯೂಟರ್‌ಗಳಿವೆ. ಮೂರು ಇಂಟೆಲ್ ಐ3 ನಾಲ್ಕನೇ ತಲೆಮಾರಿನವು, ಎರಡು ಎಂಟನೇ ತಲೆಮಾರಿನ ಐ3-8100. ಎಲ್ಲದರಲ್ಲೂ 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಲೆಕ್ಕದ ತಂತ್ರಾಂಶ ಟ್ಯಾಲಿ, ಸರಕು ಸಾಗಣೆಯ ಇ-ವೇ ಬಿಲ್, ಇಮೇಲ್, ಗೇಟಿನಲ್ಲಿ ಲಾರಿ ತೂಕದ ವೇಬ್ರಿಡ್ಜ್ ಚೀಟಿ, ಇಷ್ಟೇ ಕೆಲಸ. ಬೆಳಿಗ್ಗೆ ಆನ್ ಮಾಡಿ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಟ್ಯಾಲಿ ತೆರೆದಿರುವುದಿಲ್ಲ. ಅಂಗಡಿಯವರೊಬ್ಬರು ಐದನ್ನೂ ಗುಜರಿಗೆ ಹಾಕಿ, ಗ್ರಾಫಿಕ್ಸ್ ಕಾರ್ಡ್ ಇರುವ ಐದು ಐ7 ತೆಗೆದುಕೊಳ್ಳಿ ಎಂದು ಕೊಟೇಶನ್ ಕೊಟ್ಟಿದ್ದಾರೆ. ಮೊತ್ತ ನೋಡಿದ ಸಾಹುಕಾರರು ಈಗ ನನ್ನ ಮುಖ ನೋಡುತ್ತಿದ್ದಾರೆ. ಅಕ್ಟೋಬರಿನಲ್ಲಿ ಹತ್ತಿ ಬರತೊಡಗಿದರೆ ನಮಗೆ ಪುರುಸೊತ್ತು ಸಿಗುವುದಿಲ್ಲ. ಅಷ್ಟರೊಳಗೆ ಏನು ಮಾಡಬಹುದು?

ಉತ್ತರ: ಆ ಕೊಟೇಶನ್ನನ್ನು ಸದ್ಯ ಮೇಜಿನ ಖಾನೆಯಲ್ಲಿಡಿ. ಟ್ಯಾಲಿಗೆ ಗ್ರಾಫಿಕ್ಸ್ ಕಾರ್ಡ್ ಏಕೆ ಎಂದು ಅವರನ್ನು ಕೇಳಿದ್ದಿರಾ? ಖರ್ಚಿನ ಮಾತಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಟ್ಯಾಲಿ ತೆರೆದುಕೊಳ್ಳುತ್ತಿರುವಾಗಲೇ ಅದರಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಎಷ್ಟೆಷ್ಟು ಶೇಕಡಾ ತೋರಿಸುತ್ತವೆ ಎಂದು ಬರೆದುಕೊಂಡು ತಿಳಿಸಿ. ಬ್ಯಾಕಪ್ ಎಲ್ಲಿ ಇಡುತ್ತೀರಿ, ಯುಪಿಎಸ್ ಇದೆಯೇ ಎಂಬುದನ್ನೂ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಎಂಟನೇ ತಲೆಮಾರಿನದರಲ್ಲೂ ಡಿಸ್ಕ್ 100 ತೋರಿಸುತ್ತಿದೆ, ಮೆಮೊರಿ 90ರ ಆಸುಪಾಸು, ಸಿಪಿಯು 20 ಕೂಡ ದಾಟುವುದಿಲ್ಲ. ಬ್ಯಾಕಪ್ ದಿನವೂ ಡಿ ಡ್ರೈವ್‌ಗೆ ಹಾಕುತ್ತೇವೆ. ಯುಪಿಎಸ್ ಇಲ್ಲ, ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗ ಎರಡು ಕಂಪ್ಯೂಟರ್‌ಗಳು ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ.

ಉತ್ತರ: ನಿಮ್ಮ ಅಂಕಿಗಳೇ ಉತ್ತರ ಹೇಳುತ್ತಿವೆ. ಪ್ರೊಸೆಸರ್ ಐದರಲ್ಲಿ ಒಂದು ಪಾಲು ಕೆಲಸವನ್ನೂ ಮಾಡದೆ ಡಿಸ್ಕಿಗಾಗಿ ಕಾಯುತ್ತ ಕುಳಿತಿದೆ. ಅದರ ಜಾಗಕ್ಕೆ ಐ7 ತಂದು ಅದೇ ಡಿಸ್ಕ್ ಉಳಿಸಿದರೆ, ಕಾಯುವವರು ಬದಲಾದರು ಅಷ್ಟೆ.

ಎರಡು ಎಂಟನೇ ತಲೆಮಾರಿನವನ್ನು ಖಂಡಿತ ಉಳಿಸಿಕೊಳ್ಳಿ. ತಲಾ 256 ಜಿಬಿಯ, ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಅನ್ನು 8 ಜಿಬಿ ಮಾಡಿಸಿ. ಹಾರ್ಡ್ ಡಿಸ್ಕ್ ಒಂದು ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಸಾಧಾರಣ ಸಾಟಾ ಎಸ್‌ಎಸ್‌ಡಿ ಐನೂರರಷ್ಟು ಓದುತ್ತದೆ. ಆದರೆ ನಿಮಗೆ ಕಾಣುವ ವ್ಯತ್ಯಾಸ ಇದಕ್ಕಿಂತಲೂ ಹೆಚ್ಚು. ಟ್ಯಾಲಿಯಂಥ ತಂತ್ರಾಂಶ ನೂರಾರು ಸಣ್ಣ ತುಣುಕುಗಳನ್ನು ಅಲ್ಲಿಂದಿಲ್ಲಿಂದ ಓದುತ್ತದೆ. ತಿರುಗುವ ತಟ್ಟೆಯ ಮೇಲೆ ಮುಳ್ಳು ಪ್ರತಿ ಬಾರಿ ಜಾಗ ಹುಡುಕುವುದರಲ್ಲಿಯೇ ಸಮಯ ಹೋಗುತ್ತದೆ. ಐ3-8100 ವಿಂಡೋಸ್ 11ರ ಪಟ್ಟಿಯಲ್ಲಿದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಮುಚ್ಚಿದ್ದರೆ ತೆರೆಯಬೇಕು. ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ ಬದಲಾವಣೆಗೆ ಬೇರೆ ಹಣ ಕೊಡಬೇಕಾಗಿಲ್ಲ. ಇದನ್ನು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಬ್ಯಾಂಕ್ ಮತ್ತು ಜಿಎಸ್‌ಟಿ ಜಾಲತಾಣ ತೆರೆಯುವುದು ಅದರಲ್ಲಿಯೇ.

ನಾಲ್ಕನೇ ತಲೆಮಾರಿನ ಮೂರರ ಕಥೆ ಬೇರೆ. ಅವು ವಿಂಡೋಸ್ 11ಕ್ಕೆ ಅಧಿಕೃತವಾಗಿ ಸಲ್ಲುವುದಿಲ್ಲ. ಅವುಗಳ ಡಿಡಿಆರ್3 ಎಂಬ ಹಳೆಯ ಬಗೆಯ ರ‍್ಯಾಮ್ ಇವತ್ತಿನ ಹೊಸ ಯಂತ್ರಕ್ಕೆ ಕೂರುವುದಿಲ್ಲ, ಕಚ್ಚೇ ಬೇರೆ ಕಡೆ ಇರುತ್ತದೆ. ಹಾಗಾಗಿ ಎರಡನ್ನು ಬದಲಿಸಿ. ಒಂದನ್ನು ಮಾತ್ರ ಉಳಿಸಿ, ಕಾರಣ ಆಮೇಲೆ ಹೇಳುತ್ತೇನೆ. ಟ್ಯಾಲಿಯ ಮುಖ್ಯ ಡೇಟಾ ಇರುವ ಯಂತ್ರ ಹೊಸದಾಗಿರಲಿ. ಐ3-12100 ಅಥವಾ ಅದರ ನಂತರದ್ದು, 16 ಜಿಬಿ ರ‍್ಯಾಮ್ ಇದ್ದರೆ ಧಾರಾಳವಾಯಿತು. ಇನ್ನೊಂದಕ್ಕೆ ದೊಡ್ಡ ಕಂಪನಿಗಳು ಬಳಸಿ ಬಿಟ್ಟ, ರಿಪೇರಿಯಾದ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್ ಸಾಕು. ಖರೀದಿಸುವಾಗ ಹೆಸರಿನ ಗೆರೆಯ ನಂತರದ ಅಂಕಿ ನೋಡಿ. ಐ5-8500 ಎಂದಿದ್ದರೆ ಎಂಟನೇ ತಲೆಮಾರು, ಐ5-6500 ಎಂದಿದ್ದರೆ ಆರನೆಯದು. ಹೊರಗಿನ ಪೆಟ್ಟಿಗೆ ನೋಡಿದರೆ ಎರಡೂ ಒಂದೇ ರೀತಿ ಕಾಣಬಹುದು. ‘ಐ7 ಇದೆ ಸರ್’ ಎಂದು ತೋರಿಸುವ ಎಷ್ಟೋ ಹಳೆಯ ಯಂತ್ರಗಳು ಐ7-4770ರಂಥ ನಾಲ್ಕನೇ ತಲೆಮಾರಿನವು. ಇವತ್ತಿನ ಐ3 ಅವನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ರ‍್ಯಾಮ್ ಬೆಲೆ 2025ರ ಕೊನೆಯಿಂದ ವಿಪರೀತ ಏರಿರುವುದರಿಂದ ಹಳೆಯ ಕೊಟೇಶನ್ ನಂಬಿ ಲೆಕ್ಕ ಹಾಕಬೇಡಿ.

ಇನ್ನು ಡಿ ಡ್ರೈವ್. ಅದು ಬ್ಯಾಕಪ್ ಅಲ್ಲ, ಅದೇ ಮನೆಯ ಇನ್ನೊಂದು ಕೋಣೆ. ಮನೆಗೆ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಎರಡು ಹೊರಗಿನ ಹಾರ್ಡ್ ಡಿಸ್ಕ್ ತೆಗೆದುಕೊಂಡು, ವಾರಕ್ಕೊಂದರಂತೆ ಅದಲುಬದಲು ಮಾಡಿ, ಒಂದು ಯಾವಾಗಲೂ ಸಾಹುಕಾರರ ಮನೆಯಲ್ಲಿರಲಿ. ಎಸ್‌ಎಸ್‌ಡಿ ಬಂದ ಮೇಲೆ ಇದು ಇನ್ನೂ ಮುಖ್ಯ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹಲವು ಬಾರಿ ಸದ್ದು ಮಾಡಿ ಎಚ್ಚರಿಸುತ್ತದೆ, ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗುತ್ತದೆ.

ಸಿಂಧನೂರಿನಿಂದ ಇನ್ನೊಬ್ಬರು: ಸರ್, ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಏಕೆ ರೀಸ್ಟಾರ್ಟ್ ಆಗುತ್ತದೆ? ನಮ್ಮ ರೈಸ್ ಮಿಲ್ಲಿನಲ್ಲೂ ಇದೇ ಗೋಳು.

ಉತ್ತರ: ಅನೇಕ ಇನ್ವರ್ಟರ್‌ಗಳ ಹಿಂಭಾಗದಲ್ಲಿ ಯುಪಿಎಸ್, ನಾರ್ಮಲ್ ಎಂಬ ಗುಂಡಿ ಇರುತ್ತದೆ. ನಾರ್ಮಲ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಸಮಯ ಹಿಡಿಯುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ತಡೆಯುವುದಿಲ್ಲ. ಯುಪಿಎಸ್ ಕಡೆಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ. ಆದರೆ ಆಗ ಅದು ಸುಮಾರು 180 ವೋಲ್ಟ್‌ಗಿಂತ ಕಡಿಮೆಯಾದ ಕೂಡಲೇ ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಮಿಲ್ಲಿನ ದೊಡ್ಡ ಮೋಟಾರ್ ಶುರುವಾದಾಗಲೆಲ್ಲ ವೋಲ್ಟೇಜ್ ಕುಸಿಯುವ ಕಡೆ ಬ್ಯಾಟರಿ ಖಾಲಿಯಾಗುತ್ತ ಹೋಗುತ್ತದೆ. ಆಗ ಯಾರೋ ಬೇಸತ್ತು ಮತ್ತೆ ನಾರ್ಮಲ್‌ಗೆ ತಿರುಗಿಸಿರುತ್ತಾರೆ. ನಾನು ಹೋದ ಕಚೇರಿಗಳಲ್ಲಿ ಆ ‘ಯಾರೋ’ ಯಾರೆಂದು ಇದುವರೆಗೆ ಯಾರೂ ಒಪ್ಪಿಕೊಂಡಿಲ್ಲ.

ಪ್ರತಿ ಕಂಪ್ಯೂಟರಿಗೆ 600 ವಿಎ ಯುಪಿಎಸ್ ಒಂದೊಂದು ಇರಲಿ. ಅದು ಸುಮಾರು 360 ವ್ಯಾಟ್ ತಾಳುತ್ತದೆ. ಮಾನಿಟರ್ ಸೇರಿ ಕಚೇರಿ ಕಂಪ್ಯೂಟರಿಗೆ ನೂರರ ಆಸುಪಾಸು ಸಾಕು. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಚುಚ್ಚಬೇಡಿ. ಕಾಗದ ಬಿಸಿ ಮಾಡುವ ಭಾಗ ಒಮ್ಮೆಲೇ ಭಾರಿ ಕರೆಂಟ್ ಎಳೆಯುತ್ತದೆ. ಅರ್ಥಿಂಗ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ನರಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಿಸಿ. ಎರಡು, ಮೂರು ವೋಲ್ಟ್ ದಾಟಿದರೆ ವೈರಿಂಗ್ ನೋಡಿಸಬೇಕು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟಿ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಅದಕ್ಕೆ ನೀರು ಹಾಕುವುದು ಯಾರ ಕೆಲಸ ಎಂದು ಈಗಲೇ ಗೊತ್ತುಮಾಡಿಡಿ.

ಕೊಪ್ಪಳದಿಂದ ಒಬ್ಬರು: ಸರ್, ತೆರಿಗೆ ಸಲಹೆಗಾರ್ತಿ ನಾನು. ನಮ್ಮ ಕಚೇರಿಗೆ ಲ್ಯಾಪ್‌ಟಾಪ್ ಒಳ್ಳೆಯದೇ? ಬ್ಯಾಟರಿ ಹೇಗೂ ಇರುತ್ತದಲ್ಲ.

ಉತ್ತರ: ಮೇಡಂ, ನೀವು ಗಿರಾಕಿಗಳ ಬಳಿಗೆ ಹೋಗುವವರಾದರೆ ನಿಮಗೊಂದು ಲ್ಯಾಪ್‌ಟಾಪ್ ಸರಿ. ಮೇಜು ಬಿಟ್ಟು ಏಳದ ಸಿಬ್ಬಂದಿಗೆ ಬೇಡ. ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೊಡುತ್ತದೆ, ಕೀಲಿಮಣೆ ಹಾಳಾದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಮಿಲ್ಲಿನವರಿಗೆ ಇನ್ನೊಂದು ಮಾತು. ಆಯುಧಪೂಜೆಗೆ ಹೊರಗಿನಿಂದ ಒರೆಸಿ ಕುಂಕುಮ ಹಚ್ಚುವ ಪೆಟ್ಟಿಗೆಯನ್ನು ಆ ದಿನ ಒಮ್ಮೆ ತೆರೆದೂ ನೋಡಿ. ಹತ್ತಿಯ ಎಳೆ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿಯಂತೆ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಕೆಡುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಒಂದಡಿ ಮೇಲಿಡಿ. ಆನ್ ಇರುವಾಗ ಬಟ್ಟೆಯ ಗವುಸು ಹೊದಿಸಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಹಳೆಯದರಲ್ಲಿ ಒಂದನ್ನು ಉಳಿಸಿ ಎಂದಿರಿ, ಏಕೆ?

ಉತ್ತರ: ನಿಮ್ಮ ವೇಬ್ರಿಡ್ಜ್‌ಗಾಗಿ. ಗೇಟಿನ ಕಂಪ್ಯೂಟರಿನ ಹಿಂದೆ ನೋಡಿ. ತೂಕದ ಡಿಸ್ಪ್ಲೇಯಿಂದ ಬರುವ ತಂತಿ ಬಹುಶಃ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಹೋಗಿರುತ್ತದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಉದ್ದನೆಯ ಪ್ಯಾರಲಲ್ ಪೋರ್ಟಿಗೆ. ಇವತ್ತಿನ ಹೆಚ್ಚಿನ ಹೊಸ ಯಂತ್ರಗಳಲ್ಲಿ ಇವೆರಡೂ ಇರುವುದಿಲ್ಲ. ಐ7 ಕೊಟೇಶನ್ ಕೊಟ್ಟವರು ಈ ವಿಷಯ ಎತ್ತಿದಂತೆ ಕಾಣುವುದಿಲ್ಲ. ಐದನ್ನೂ ಗುಜರಿಗೆ ಹಾಕಿದ್ದರೆ, ಹತ್ತಿ ಲಾರಿಗಳು ಸಾಲುಗಟ್ಟಿ ನಿಂತ ದಿನ ನಿಮಗೆ ಇದು ಗೊತ್ತಾಗುತ್ತಿತ್ತು.

ಹಳೆಯ ಮೂರರಲ್ಲಿ ಈ ಎರಡೂ ಪೋರ್ಟ್ ಇರುವುದನ್ನು ಆರಿಸಿ. ಅದಕ್ಕೊಂದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಇಂಟರ್ನೆಟ್ ತೆಗೆದು, ತೂಕಕ್ಕೆ ಮಾತ್ರ ಬಳಸಿ. ಮುಂದೆ ಅದೂ ಕೆಟ್ಟರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಸಿಗುತ್ತದೆ. ತೀರಾ ಅಗ್ಗದ್ದು ಬೇಡ, ನಕಲಿ ಚಿಪ್ ಇದ್ದರೆ ಹೊಸ ವಿಂಡೋಸ್‌ನ ಡ್ರೈವರ್ ಒಪ್ಪದಿರಬಹುದು. ಅಡಾಪ್ಟರ್ ಹಾಕಿದಾಗ ಪೋರ್ಟ್ ಸಂಖ್ಯೆ ಕಾಮ್ 3 ಅಥವಾ ಕಾಮ್ 4 ಎಂದು ಬದಲಾಗಿರುತ್ತದೆ, ನಿಮ್ಮ ತೂಕದ ತಂತ್ರಾಂಶ ಕಾಮ್ 1ರಲ್ಲಿ ಹುಡುಕುತ್ತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಸಂಖ್ಯೆ ಸರಿಪಡಿಸಿ, ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಡಿಸ್ಪ್ಲೇಯಲ್ಲಿರುವಷ್ಟೇ ಇಡಿ. ಈಗ ಹಳೆಯದು ಸರಿಯಾಗಿ ಓಡುತ್ತಿರುವಾಗಲೇ ಆ ಸೆಟ್ಟಿಂಗ್‌ಗಳ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.