ಹಯಸಿಂತ್ ಮಕಾವ್ ಸಾಕುವ ಆಸೆ: ಕೊಂಡ ಮೇಲಿನ ಖರ್ಚು ಏನೇನು?

ಪ್ರಶ್ನೆ: ನೀಲಿಗರಿ

ಹದಿನಾರು ವರ್ಷಗಳಿಂದ ಕಾಕಟೀಲ್ ಮತ್ತು ಬಜರಿಗರ್ ಎಂಬ ಸಣ್ಣ ಗಿಳಿಗಳನ್ನು ಸಾಕುತ್ತ ಬಂದಿರುವ ನಾನು, ಕಳೆದ ತಿಂಗಳು ವಯಸ್ಸಾದ ಪರಿಚಿತರೊಬ್ಬರ ಮನೆಯಲ್ಲಿ ಹಯಸಿಂತ್ ಮಕಾವ್ ಎಂಬ ದೊಡ್ಡ ಗಿಳಿಯೊಂದನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ಕೊಕ್ಕಿನಿಂದ ಬಾಲದ ತುದಿಗೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿದ್ದು, ಕಣ್ಣಿನ ಸುತ್ತಲಿನ ಮತ್ತು ಕೊಕ್ಕಿನ ಬುಡದ ಹಳದಿಯನ್ನು ಬಿಟ್ಟರೆ ಮೈತುಂಬ ಕಡುನೀಲಿಯಾಗಿದ್ದ ಆ ಹಕ್ಕಿ ನನ್ನ ಮುಂಗೈ ಮೇಲೆ ಬಂದು ಕುಳಿತು, ಅಂಗಿಯ ಗುಂಡಿಯೊಂದನ್ನು ಕೊಕ್ಕಿನ ನಡುವೆ ಹಿಡಿದು, ಕಪ್ಪು ನಾಲಗೆಯಿಂದ ಅದರ ಅಂಚನ್ನೆಲ್ಲ ತಡವಿ ನೋಡಿ, ಒಂದೆಳೆ ದಾರವೂ ಸಡಿಲವಾಗದಂತೆ ಬಿಟ್ಟುಬಿಟ್ಟಿತು. ಕಲ್ಲಿನಿಂದ ಜಜ್ಜಿದರೂ ಸುಲಭಕ್ಕೆ ಬಿರಿಯದ ತಾಳೆಜಾತಿಯ ಕಾಯಿಗಳನ್ನು ಒಡೆಯುವ ಕೊಕ್ಕು ಅದು. ಆ ಗುಂಡಿ ಉಳಿದದ್ದನ್ನು ನಾನು ಇನ್ನೂ ಮರೆತಿಲ್ಲ.

ಮರಿಯೊಂದರ ಬೆಲೆ ಕೇಳಿ ಗಾಬರಿಯಾದರೂ ಎರಡು ಮೂರು ವರ್ಷ ಕೂಡಿಟ್ಟರೆ ಹೊಂದಿಸಬಲ್ಲೆ. ಹಾಗಾಗಿ ನನ್ನ ಪ್ರಶ್ನೆ ಬೆಲೆಯನ್ನು ಕುರಿತದ್ದಲ್ಲ, ಕೊಂಡ ಮೇಲಿನ ಬದುಕನ್ನು ಕುರಿತದ್ದು. ನನಗೆ ನಲವತ್ತನಾಲ್ಕು ವರ್ಷ. ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಹಗಲು ಕೆಲಸಕ್ಕೆ ಹೋಗುವವರು. ದೊಡ್ಡ ಮಕಾವ್‌ಗಳನ್ನು ಹಲವು ವರ್ಷ ಸಾಕಿದವರು ನಿಜವಾದ ಲೆಕ್ಕ ಏನೆಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಹಯಸಿಂತ್ ಬಹಳ ಸಾಧು ಎಂಬ ಮಾತು ಎಷ್ಟರಮಟ್ಟಿಗೆ ನಿಜ?

ಉತ್ತರ: ಹಳೇಪಂಜರ

ನನ್ನ ಬಳಿ ಇರುವುದು ಹಯಸಿಂತ್ ಅಲ್ಲ, ಹಸಿರು ರೆಕ್ಕೆಯ ಮಕಾವ್. ನಾಲ್ಕು ತಿಂಗಳ ಮರಿಯಾಗಿ ಬಂದದ್ದಕ್ಕೆ ಈಗ ಇಪ್ಪತ್ತೆರಡು ವರ್ಷ. ಆದರೂ ನೀವು ಕೇಳಿರುವ ಲೆಕ್ಕದ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಮೊದಲು ಸದ್ದು. ಕಾಡಿನಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕಲ್ಲ, ಕಾಡಿನ ಆ ಅಂಚಿನಿಂದ ಈ ಅಂಚಿಗೆ ತನ್ನ ಗುಂಪನ್ನು ಕರೆಯಲೆಂದು ಬಂದಿರುವ ಕಂಠವದು. ಮನೆಯೊಳಗೆ ಅದು 100 ಡೆಸಿಬೆಲ್ ಆಸುಪಾಸಿಗೆ ಮುಟ್ಟುತ್ತದೆ. ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಕೂಗುವುದು ಆರೋಗ್ಯವಂತ ಹಕ್ಕಿಯ ಸಹಜ ಸ್ವಭಾವ. ಅದನ್ನು ತರಬೇತಿಯಿಂದ ನಿಲ್ಲಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಎರಡನೆಯದು ಮರ. ಕೊಕ್ಕು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಕೆಲಸ ಬೇಕು, ನೀವು ಕೆಲಸ ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ. ನಮ್ಮ ಮನೆಯ ಬಾಗಿಲು ಚೌಕಟ್ಟೊಂದು ಒಂದೇ ಮಧ್ಯಾಹ್ನದಲ್ಲಿ ಮೊಣಕಾಲೆತ್ತರದ ಸಿಬಿರಿನ ರಾಶಿಯಾಗಿತ್ತು. ಪಂಜರದ ಬೋಲ್ಟುಗಳನ್ನು ನಾಲಗೆಯಿಂದಲೇ ತಿರುಗಿಸಿ ಬಿಚ್ಚಿ, ಬಿಚ್ಚಿದ ನಟ್ಟುಗಳನ್ನು ನೀರಿನ ಬಟ್ಟಲಲ್ಲಿ ಹಾಕಿಡುವುದು ಅದರ ಅಭ್ಯಾಸ; ಏಕೆಂದು ನಾನು ಇಂದಿಗೂ ಕಂಡುಕೊಂಡಿಲ್ಲ.

ಇವೆಲ್ಲ ಸಹಿಸಬಹುದಾದವು. ಯಾರೂ ಮೊದಲೇ ಹೇಳದ ಸಂಗತಿಯೆಂದರೆ, ಮರಿಯಾಗಿದ್ದಾಗ ಎಲ್ಲರ ಮಡಿಲಲ್ಲೂ ಮಲಗುತ್ತಿದ್ದ ಹಕ್ಕಿ ಐದಾರು ವರ್ಷಕ್ಕೆ ಪ್ರಾಯಕ್ಕೆ ಬಂದಾಗ ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತದೆ. ನಮ್ಮದು ನನ್ನನ್ನು ಆರಿಸಿಕೊಂಡಿತು, ನನ್ನ ಹೆಂಡತಿಯ ತುಟಿಗೆ ಮೂರು ಹೊಲಿಗೆ ಬಿದ್ದವು. ಕಾಡಿನಲ್ಲಿ ಇವು ಸಾಮಾನ್ಯವಾಗಿ ಜೋಡಿಯನ್ನು ಬಿಡುವುದಿಲ್ಲ, ಹಾರುವಾಗಲೂ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲೇ ಇರುತ್ತವೆ. ಆ ಜೋಡಿಯ ಸ್ಥಾನದಲ್ಲಿ ನಿಂತವರು ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋದರೆ ಅದಕ್ಕೇನು ಅರ್ಥವಾಗಬೇಕು? ಒಮ್ಮೆ ಅನಿವಾರ್ಯವಾಗಿ ಐದು ವಾರ ಮನೆಯಿಂದ ದೂರವಿದ್ದು ಮರಳಿದಾಗ ಅದರ ಎದೆಯ ಮೇಲೆ ಅಂಗೈಯಗಲ ಜಾಗ ಬೋಳಾಗಿತ್ತು. ಗರಿಗಳನ್ನು ತಾನೇ ಕಿತ್ತುಕೊಂಡಿತ್ತು. ಹದಿನೊಂದು ವರ್ಷವಾದರೂ ಅಲ್ಲಿ ಬೂದುಬಣ್ಣದ ತುಪ್ಪುಳವಷ್ಟೇ ಬಂದಿದೆ.

ಹಯಸಿಂತ್ ಸಾಧು ಎಂಬ ಮಾತು ಸುಳ್ಳಲ್ಲ. ಆದರೆ ಹೆದರಿದ ಸಾಧು ಪ್ರಾಣಿಯೂ ಕಚ್ಚುತ್ತದೆ, ಈ ಪ್ರಾಣಿಯ ಕೊಕ್ಕು ಎಂಥದೆಂದು ನೀವೇ ಬರೆದಿದ್ದೀರಿ.

ಉತ್ತರ: ಹಕ್ಕಿವೈದ್ಯೆ

ಪಕ್ಷಿಗಳ ಚಿಕಿತ್ಸೆಯೇ ನನ್ನ ವೃತ್ತಿಯಾದ್ದರಿಂದ ಆರೋಗ್ಯದ ಬಗ್ಗೆ ಮಾತ್ರ ಬರೆಯುತ್ತೇನೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ವಾಯುಚೀಲಗಳು ಅದನ್ನು ನಿರಂತರವಾಗಿ ತಳ್ಳುತ್ತಿರುತ್ತವೆ. ಹೀಗಾಗಿ ಆಮ್ಲಜನಕವನ್ನು ಎಷ್ಟು ಚೆನ್ನಾಗಿ ಹೀರುತ್ತದೆಯೋ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಟೆಫ್ಲಾನ್ ಲೇಪನದ ಖಾಲಿ ಬಾಣಲೆಯೊಂದು ಒಲೆಯ ಮೇಲೆ ಅತಿಯಾಗಿ ಕಾದರೆ ಪಕ್ಕದ ಕೋಣೆಯಲ್ಲಿರುವ ಹಕ್ಕಿಯೂ ನಿಮಿಷಗಳಲ್ಲಿ ಸಾಯಬಹುದು, ಮನುಷ್ಯರಿಗೆ ವಾಸನೆಯೂ ಬಂದಿರುವುದಿಲ್ಲ. ಸತುವಿನ ಲೇಪವಿರುವ ತಂತಿಯನ್ನು ಕಡಿಯುವ ಮಕಾವ್‌ಗೆ ಸತುವಿನ ವಿಷವೇರುತ್ತದೆ. ಪಂಜರ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಮಕಾವ್ ರೆಕ್ಕೆ ಪೂರ್ತಿ ಬಿಚ್ಚಿ ತಿರುಗುವಷ್ಟು ದೊಡ್ಡ ಸ್ಟೀಲ್ ಪಂಜರ ಬಹುತೇಕರ ಊಹೆಯನ್ನು ಮೀರಿದ ವೆಚ್ಚ.

ಆಹಾರದಲ್ಲಿ ಹಯಸಿಂತ್ ಉಳಿದ ಮಕಾವ್‌ಗಳಂತಲ್ಲ. ಬ್ರೆಜಿಲ್‌ನ ಪಂತನಾಲ್ ಎಂಬ ವಿಶಾಲ ಜೌಗುಪ್ರದೇಶದಲ್ಲಿ ಅದು ಬದುಕುವುದೇ ಅಕುರಿ ಮತ್ತು ಬೊಕಾಯುವ ಎಂಬ ಎರಡು ತಾಳೆಜಾತಿಯ ಕಾಯಿಗಳ ಮೇಲೆ, ಅವುಗಳಲ್ಲಿ ಕೊಬ್ಬಿನಂಶ ಬಹಳ. ಆದ್ದರಿಂದ ಸಾಕಿದ ಹಯಸಿಂತ್‌ಗೆ ಮಕಾಡೇಮಿಯಾ, ಬ್ರೆಜಿಲ್ ನಟ್, ಅಕ್ರೋಟದಂಥ ದುಬಾರಿ ಬೀಜಗಳು ದಿನನಿತ್ಯದ ಊಟವಾಗುತ್ತವೆ. ಅದೇ ಊಟವನ್ನು ನೀಲಿ-ಹಳದಿ ಮಕಾವ್‌ಗೆ ಕೊಟ್ಟರೆ ಬೊಜ್ಜು ಬಂದು ಯಕೃತ್ತು ಕೆಡುತ್ತದೆ.

ಇನ್ನೊಂದು ಮಾತು. ಮಕಾವ್ ಕ್ಷಯಿಸುವ ಕಾಯಿಲೆಯೆಂದು ಹಿಂದೆ ಹೆಸರಾಗಿದ್ದ ರೋಗದೊಂದಿಗೆ ನಂಟಿರುವ ಬೋರ್ನಾ ವೈರಸ್ಸನ್ನು ಗುರುತಿಸಿದ್ದು 2008ರಲ್ಲಿ. ಇಂದಿಗೂ ಅದನ್ನು ಗುಣಪಡಿಸುವ ಔಷಧಿಯಿಲ್ಲ. ವೈರಸ್ ಬಿಟ್ಟು ಬಿಟ್ಟು ಹೊರಬರುವುದರಿಂದ ಒಂದೇ ಒಂದು ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೆ ನಿಶ್ಚಿಂತರಾಗುವಂತಿಲ್ಲ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ತೂಕದ ಯಂತ್ರವೊಂದನ್ನು ಕೊಂಡು ಬೆಳಗ್ಗೆ ಊಟಕ್ಕೆ ಮುಂಚೆ ತೂಗಿ ಬರೆದಿಡಿ.

ಉತ್ತರ: ಮರಪೊಟರೆ

ಅಪರೂಪ ಎಂಬ ಪದವನ್ನು ಇಲ್ಲಿ ಯಾರೂ ಮುಟ್ಟದ ಕಾರಣ ಬರೆಯುತ್ತಿದ್ದೇನೆ, ಏಕೆಂದರೆ ಆಸೆ ಹುಟ್ಟುವುದೂ ಬೆಲೆ ಏರುವುದೂ ಅಲ್ಲಿಂದಲೇ. ಪಂತನಾಲ್‌ನ ಹಯಸಿಂತ್‌ಗಳು ಬಹುಪಾಲು ಗೂಡು ಮಾಡುವುದು ಮಂಡುವಿ ಎಂಬ ಒಂದೇ ಮರದ ಪೊಟರೆಯಲ್ಲಿ. ಈ ಹಕ್ಕಿ ಹಿಡಿಸುವಂಥ ಪೊಟರೆಯಾಗಲು ಆ ಮರಕ್ಕೆ ಕನಿಷ್ಠ 60 ವರ್ಷವಾಗಿರಬೇಕು. ಸಾಮಾನ್ಯವಾಗಿ ಎರಡು ಮೊಟ್ಟೆ, ಹೆಚ್ಚಾಗಿ ಬದುಕುವುದು ಒಂದೇ ಮರಿ. ತಮಾಷೆಯೆಂದರೆ ಮಂಡುವಿಯ ಬೀಜಗಳನ್ನು ಹರಡುವ ಟೂಕನ್ ಹಕ್ಕಿಯೇ ಹಯಸಿಂತ್‌ನ ಮೊಟ್ಟೆಗಳನ್ನೂ ತಿನ್ನುತ್ತದೆ. ಅದಿಲ್ಲದಿದ್ದರೆ ಮರವಿಲ್ಲ, ಇದ್ದರೆ ಮೊಟ್ಟೆಯಿಲ್ಲ.

ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಯಿಂದ 1980ರ ದಶಕದಲ್ಲಿ ಸುಮಾರು 10,000 ಹಕ್ಕಿಗಳನ್ನು ಹಿಡಿದು ಮಾರಲಾಯಿತೆಂಬ ಅಂದಾಜಿದೆ. 1987ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿದ ಮೇಲೆ ಕಾಡಿನ ಹಕ್ಕಿಯ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧವಾಯಿತು. ಸ್ಪಿಕ್ಸ್ ಮಕಾವ್ ಎಂಬ ಇನ್ನೊಂದು ನೀಲಿ ಮಕಾವ್‌ನ ಕಥೆ ಇನ್ನೂ ಕಠೋರ: ಕಾಡಿನಲ್ಲಿ ಉಳಿದಿದ್ದ ಕೊನೆಯ ಗಂಡು 2000ದಲ್ಲಿ ಕಾಣೆಯಾಯಿತು, ಪಂಜರಗಳಲ್ಲಿ ಉಳಿದವುಗಳ ಸಂತತಿಯನ್ನು 2022ರಲ್ಲಿ ಮತ್ತೆ ಬ್ರೆಜಿಲ್‌ನ ಕಾಟಿಂಗಾ ಎಂಬ ಒಣ ಕುರುಚಲು ಕಾಡಿನಲ್ಲಿ ಬಿಡಲಾಯಿತು. ಸಾಕುವವರ ಪರವಾಗಿ ಈ ಕಥೆಯನ್ನು ಹೇಳುವವರಿದ್ದಾರೆ. ಆ ಹಕ್ಕಿಗಳನ್ನು ಹಿಡಿದು ಪಂಜರ ಸೇರಿಸಿದ್ದೂ ಕಾಡು ಬರಿದಾಗಲು ಒಂದು ಕಾರಣವೆಂಬುದನ್ನು ಅವರು ಬಿಟ್ಟು ಹೇಳುತ್ತಾರೆ.

ಆದ್ದರಿಂದ ಕಾಗದಪತ್ರಗಳಿಗಿಂತ ಮೊದಲು ಹಕ್ಕಿಯ ಕಾಲು ನೋಡಿ. ಸೀಳಿಲ್ಲದ ಮುಚ್ಚಿದ ಉಂಗುರವನ್ನು ಮರಿಯ ಪಾದ ಎಳೆಯದಾಗಿರುವಾಗಲೇ ತೊಡಿಸಬೇಕು, ಬೆಳೆದ ಮೇಲೆ ಕಾಡಿನಿಂದ ಹಿಡಿದು ತಂದ ಹಕ್ಕಿಯ ಪಾದಕ್ಕೆ ಅದು ತೂರುವುದಿಲ್ಲ. ಉಂಗುರದ ಸಂಖ್ಯೆ ಮತ್ತು ಕಾಗದದ ಸಂಖ್ಯೆ ಒಂದೇ ಆಗಿರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮರುಪ್ರಶ್ನೆ: ನೀಲಿಗರಿ

ಮೂವರಿಗೂ ಕೃತಜ್ಞತೆಗಳು. ಒಂದು ವಿಷಯವನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ಉತ್ತರಗಳನ್ನು ಓದಿ ಆ ಪರಿಚಿತರ ಮನೆಗೆ ಮತ್ತೆ ಹೋಗಿದ್ದೆ. ಅವರಿಗೆ ಎಪ್ಪತ್ತೊಂದು, ಹಕ್ಕಿಗೆ ಇಪ್ಪತ್ತೊಂಬತ್ತು. ಮಕಾವ್‌ಗಳು ಐವತ್ತು ಅರವತ್ತು ವರ್ಷ ಬದುಕಬಲ್ಲವಾದ್ದರಿಂದ ತಮ್ಮ ನಂತರ ಅದನ್ನು ಯಾರಿಗೆ ಒಪ್ಪಿಸುವುದೆಂದು ಅವರು ಎರಡು ವರ್ಷದಿಂದ ಹುಡುಕುತ್ತಿದ್ದಾರಂತೆ. ಮೊದಲ ದಿನವೇ ಅದನ್ನು ನನ್ನ ಕೈಮೇಲೆ ಕೂರಿಸಿದ್ದು ಅದಕ್ಕಾಗಿಯೇ ಎಂದರು. ಮರಿ ಕೊಳ್ಳುವ ಯೋಚನೆಯನ್ನು ಬಿಟ್ಟಿದ್ದೇನೆ. ನನ್ನ ಹೆಂಡತಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಸಾಧ್ಯವಿದೆ. ಇಷ್ಟು ವಯಸ್ಸಾದ ಹಕ್ಕಿ ಇನ್ನೊಬ್ಬರಿಗೆ ಒಗ್ಗುತ್ತದೆಯೇ?

ಉತ್ತರ: ಹಳೇಪಂಜರ

ಒಗ್ಗುತ್ತದೆ, ಆದರೆ ಅವಸರ ಮಾಡಬಾರದು. ಅವರು ಇರುವಾಗಲೇ ಶುರು ಮಾಡಿ. ಮೊದಲ ಆರು ವಾರ ನೀವಿಬ್ಬರೂ ಹೋಗಿ ಪಂಜರದ ಪಕ್ಕದಲ್ಲಿ ಪುಸ್ತಕ ಓದುತ್ತ ಕುಳಿತು ಬನ್ನಿ, ಹಕ್ಕಿಯತ್ತ ಕೈ ಚಾಚಬೇಡಿ. ಕೊನೆಯ ಬೀಜವನ್ನು ಮಾತ್ರ ಪ್ರತಿಸಲವೂ ನಿಮ್ಮ ಹೆಂಡತಿಯೇ ಕೊಡಲಿ, ನೀವಲ್ಲ. ನಿಮ್ಮನ್ನು ಅದು ಆಗಲೇ ಒಪ್ಪಿಕೊಂಡಿದೆ. ಹಳೆಯ ಪಂಜರವನ್ನೂ ಅದು ಕೂರುವ ಕೊಂಬೆಯನ್ನೂ ಹಾಗೆಯೇ ತನ್ನಿ, ತೊಳೆದು ಬಣ್ಣ ಬಳಿದು ಹೊಸದು ಮಾಡಬೇಡಿ. ಬೋಲ್ಟುಗಳನ್ನು ಮಾತ್ರ ಬಿಗಿ ಮಾಡಿಕೊಳ್ಳಿ.