ಸಹಾಯ ಬೇಕು: ಬೆಳೆಯುತ್ತಿರುವ ಮಗಳಿಗೆ ಜೂನಿಯರ್ ಗಾಲ್ಫ್ ಸೆಟ್ಟಾ, ಲೇಡೀಸ್ ಸೆಟ್ಟಾ?

ಎಲ್ಲರಿಗೂ ನಮಸ್ಕಾರ. ಮಗಳಿಗೆ 12 ವರ್ಷ, ಮೈಸೂರಿನಲ್ಲಿ ಗಾಲ್ಫ್ ಕಲಿಯುತ್ತಿದ್ದಾಳೆ. ಕಳೆದ ವರ್ಷ 4 ಅಡಿ 9 ಇಂಚು ಇದ್ದವಳು ಈಗ 5 ಅಡಿ ಮುಟ್ಟಿದ್ದಾಳೆ. ಯುಎಸ್ ಕಿಡ್ಸ್ ಕಂಪನಿಯ 57 ಇಂಚಿನ (ಅಂದರೆ ಅಷ್ಟು ಎತ್ತರದ ಮಕ್ಕಳ) ಸೆಟ್ ಆಗಲೇ ಗಿಡ್ಡವಾಗಿದೆ, ತುಂಬಾ ಬಗ್ಗಿ ಹೊಡೆಯುತ್ತಾಳೆ. ಅವರ ಸೈಜು ಮಕ್ಕಳ ಎತ್ತರದ ಪ್ರತಿ 3 ಇಂಚಿಗೊಂದು. ಹೀಗೇ ಬೆಳೆದರೆ ವರ್ಷಕ್ಕೊಂದು ಸೆಟ್! ಸ್ಕೂಲ್ ಯೂನಿಫಾರ್ಮ್ ಥರ ಸುಮ್ನೆ ದೊಡ್ಡದು ಕೊಡಿಸುವ ಹಾಗೂ ಇಲ್ಲ.

ನನ್ನ ಸ್ಟೀಲ್ ಶಾಫ್ಟಿನ (ಕೋಲಿನ) 7 ಐರನ್ ಕ್ಲಬ್ ಕೊಟ್ಟು ನೋಡಿದೆ. ಭಾರಕ್ಕೆ ಸ್ವಿಂಗೇ ನಿಧಾನವಾಯಿತು. ಗ್ರಿಪ್ ಕೆಳಗೆ ಹಿಡಿದರೂ ಅಷ್ಟೇ. ಕತ್ತರಿಸಿದರೆ ಶಾಫ್ಟ್ ಇನ್ನೂ ಬಿರುಸಾಗುತ್ತದೆ, ಹಾಗಾಗಿ ಅದನ್ನು ಬಿಟ್ಟೆ. ಸ್ನೇಹಿತರ ಲೇಡೀಸ್ ಕ್ಲಬ್ ಗ್ರಾಫೈಟ್ ಶಾಫ್ಟಿನದು, ಹಗುರ, ಅವಳಿಗೆ ಇಷ್ಟವೂ ಆಯಿತು. ಆದರೆ ಉದ್ದ ಜಾಸ್ತಿ. ಚೆಂಡಿಗೆ ಹೊಡೆಯುವ ತಲೆಯ ಹೊರತುದಿ ನೆಲ ಬಿಟ್ಟು ಮೇಲೇಳುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ (ಬಲಗೈ ಆಟ). ಕೋಚ್ ಜೂನಿಯರ್ ಸೆಟ್ಟೇ ಸಾಕು ಅನ್ನುತ್ತಾರೆ, ಅಂಗಡಿಯವರು ಲೇಡೀಸ್ ಸೆಟ್ ಅನ್ನುತ್ತಾರೆ. ಅವರು ಬೆಲೆ ಜಾಸ್ತಿ ಇರುವುದನ್ನೇ ಹೇಳುವುದು, ಅಲ್ವಾ?

ನನಗೆ ಗೊತ್ತಾಗಬೇಕಿರುವುದು ಇಷ್ಟು: ಈಗ 60 ಇಂಚಿನ ಜೂನಿಯರ್ ಸೆಟ್ ಕೊಡಿಸಲಾ? ಇಲ್ಲಾ ಲೇಡೀಸ್ ಗ್ರಾಫೈಟ್ ಸೆಟ್ಟನ್ನೇ ಒಂದು ಇಂಚು ಕತ್ತರಿಸಿ, ಬೆಳೆದ ಮೇಲೆ ಎಕ್ಸ್‌ಟೆನ್ಶನ್ (ಉದ್ದ ಮಾಡುವ ತುಂಡು) ಹಾಕಿಸಬಹುದಾ? ಮಕ್ಕಳಿಗೆ ಹಾಗೆ ಮಾಡಿಸಿದವರಿದ್ದರೆ, ಕ್ಲಬ್ಬಿನ ತೂಕದಲ್ಲಿ ತೊಂದರೆ ಆಯಿತಾ ಹೇಳಿ.